ಎರಡು ಬೆರಳು ಅಂದರೆ ಅರ್ಧ ಉತ್ತರ: ಹೆರಿಗೆಯ ನಂತರದ ಡಯಾಸ್ಟಾಸಿಸ್

ಫಿಸಿಯೋಥೆರಪಿ ಪ್ರಾಕ್ಟಿಕಲ್‌ನಲ್ಲಿ ಡಯಾಸ್ಟಾಸಿಸ್ ರೆಕ್ಟೈ (ಹೊಟ್ಟೆಯ ಮುಂಭಾಗದ ಎರಡು ಸ್ನಾಯುಪಟ್ಟಿಗಳ ನಡುವಿನ ಸಂದು ಅಗಲವಾಗುವುದು) ಬಂದರೆ "ಎರಡು ಬೆರಳು ಅಗಲ ಇದೆ ಮೇಡಂ" ಎಂದು ಹೇಳಿ ಕೈ ತೆಗೆದುಬಿಡುತ್ತೇವೆ, ಅಲ್ವಾ? ನಾನೂ ಹಾಗೇ ಮಾಡಿದ್ದೆ. ಮುಂದಿನ ಪ್ರಶ್ನೆ ಬಂತು: "ಬೆರಳಿನ ಕೆಳಗೆ ಏನು ಸಿಕ್ಕಿತು?" ಉತ್ತರ ಇರಲಿಲ್ಲ.

ಎದೆಗೂಡಿನಿಂದ ಪ್ಯೂಬಿಕ್ ಮೂಳೆಯವರೆಗೆ ರೆಕ್ಟಸ್ ಸ್ನಾಯು ಎರಡು ಪಟ್ಟಿಯಾಗಿ ಇಳಿಯುತ್ತದೆ. ಆ ಪಟ್ಟಿಗಳನ್ನು ನಡುವೆ ಕೂಡಿಸುವುದು ಲೀನಿಯಾ ಆಲ್ಬಾ. ಇದು ಸ್ನಾಯು ಅಲ್ಲ, ಕೊಲಾಜೆನ್ ನಾರಿನ ನೇಯ್ಗೆ. ಗರ್ಭ ಬೆಳೆದಂತೆ ಈ ನೇಯ್ಗೆ ಹಿಗ್ಗಿ ತೆಳುವಾಗುತ್ತದೆ. ಹರಿಯುವುದಿಲ್ಲ. ಹಾಗಾಗಿ "ಸ್ನಾಯು ಹರಿದಿದೆ" ಎಂದು ಬಾಣಂತಿಯನ್ನು ಸುಮ್ನೆ ಹೆದರಿಸಬೇಡಿ.

ಇದು ಅಪರೂಪವೂ ಅಲ್ಲ. ನಾರ್ವೆಯಲ್ಲಿ 300 ಚೊಚ್ಚಲ ಗರ್ಭಿಣಿಯರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆರಿಗೆಯಾಗಿ 6 ವಾರಕ್ಕೆ ಶೇ. 60, 6 ತಿಂಗಳಿಗೆ ಶೇ. 45, ವರ್ಷಕ್ಕೆ ಶೇ. 33ರಷ್ಟು ಮಂದಿಯಲ್ಲಿ ಸಂದು ಕಂಡಿತ್ತು. ವರ್ಷದ ಹೊತ್ತಿಗೆ ಸಂದು ಇದ್ದವರಿಗೆ ಇಲ್ಲದವರಿಗಿಂತ ಸೊಂಟನೋವು ಜಾಸ್ತಿ ಇರಲಿಲ್ಲ. ಬೆನ್ನುನೋವು ಎಂದ ತಕ್ಷಣ ತಪ್ಪನ್ನು ಸಂದಿನ ಮೇಲೆ ಹೊರಿಸುವ ನಮ್ಮ ಚಾಳಿಗೆ ಇದು ಒಳ್ಳೆಯ ಮದ್ದು.

ಪರೀಕ್ಷೆ ಹೀಗೆ. ಅಂಗಾತ ಮಲಗಿಸಿ, ಮೊಣಕಾಲು ಮಡಿಸಲು ಹೇಳಿ. ಬೆರಳುಗಳನ್ನು ಹೊಕ್ಕುಳಿನ ಬಳಿ ಅಡ್ಡಡ್ಡ ಇಡಿ. ತಲೆ, ಭುಜ ಸ್ವಲ್ಪ ಎತ್ತಲು ಹೇಳಿ. ಹೊಕ್ಕುಳಿನ ಮೇಲೆ, ಕೆಳಗೆ ಕೂಡ ನೋಡಿ. ಈಗ ಅಗಲದ ಜೊತೆಗೆ ಆಳವನ್ನೂ ಗಮನಿಸಿ. ನವಾರು ಮಂಚ ನೆನಪಿಸಿಕೊಳ್ಳಿ: ಬಿಗಿದ ನವಾರು ಒತ್ತಿದರೆ ತಿರುಗಿ ಒತ್ತುತ್ತದೆ, ಜೋತುಬಿದ್ದದ್ದು ಒಳಗೆ ಹೋಗುತ್ತಲೇ ಇರುತ್ತದೆ. ಮೂರು ಬೆರಳು ಅಗಲವಿದ್ದರೂ ಬಿಗಿ ಇದ್ದರೆ ಭಾರ ದಾಟಿಸಬಲ್ಲದು. ಎರಡೇ ಬೆರಳಿದ್ದು ಜೋತುಬಿದ್ದಿದ್ದರೆ ಕೆಲಸ ಜಾಸ್ತಿ.

ಚಿಕಿತ್ಸೆಯೂ ಆ ಬಿಗಿಯನ್ನೇ ಹಿಡಿದು ಹೋಗುತ್ತದೆ. ಉಸಿರು ಬಿಡುತ್ತಾ ಕೆಳಹೊಟ್ಟೆಯನ್ನು ಮೆಲ್ಲಗೆ ಒಳಗೆಳೆದರೆ ಒಳಪದರದ ಟ್ರಾನ್ಸ್‌ವರ್ಸಸ್ ಸ್ನಾಯು ಕೆಲಸ ಮಾಡುತ್ತದೆ, ನೇಯ್ಗೆ ಅಡ್ಡಕ್ಕೆ ಬಿಗಿಯುತ್ತದೆ. ಇದರ ಜೊತೆಗೆ ಪೆಲ್ವಿಕ್ ಫ್ಲೋರ್ (ಕಿಬ್ಬೊಟ್ಟೆಯ ತಳದಲ್ಲಿ ಆಸರೆ ಕೊಡುವ ಸ್ನಾಯುಗಳು) ವ್ಯಾಯಾಮ. ಆಮೇಲೆ ಮಲಗಿಕೊಂಡೇ ಹಿಮ್ಮಡಿ ಜಾರಿಸಿ ಕಾಲು ಚಾಚಿ ಮಡಿಸುವುದು, ನಿಧಾನಕ್ಕೆ ಭಾರ ಹೆಚ್ಚಿಸುವುದು. ಹಾಸಿಗೆಯಿಂದ ಏಳುವಾಗ ಪಕ್ಕಕ್ಕೆ ಹೊರಳಿ ಏಳಲಿ. ಮಗುವನ್ನು ಎತ್ತುವಾಗ ಉಸಿರು ಬಿಗಿಹಿಡಿಯದೆ ಬಿಡಲಿ.

"ಕ್ರಂಚ್ (ಮಲಗಿ ತಲೆ, ಭುಜ ಎತ್ತುವ ಹೊಟ್ಟೆಯ ವ್ಯಾಯಾಮ) ನಿಷಿದ್ಧ" ಎಂದು ಹಳೆಯ ನೋಟ್ಸ್‌ನಲ್ಲಿ ಕೆಂಪು ಗೆರೆ ಎಳೆದಿರುತ್ತದೆ. ನನಗೆ ಅದು ಒರಟು ನಿಯಮ ಅನಿಸುತ್ತದೆ. ತಲೆ ಎತ್ತಿದಾಗ ಸಂದು ಸಾಮಾನ್ಯವಾಗಿ ಕಿರಿದಾಗುತ್ತದೆ. ನಡುವೆ ಹೊಟ್ಟೆ ಗೋಪುರದಂತೆ ಉಬ್ಬಿದರೆ ಮಾತ್ರ ಆ ವ್ಯಾಯಾಮ ಅವರಿಗೆ ಇನ್ನೂ ಭಾರ ಎಂದರ್ಥ.

ಬಾಣಂತನದಲ್ಲಿ ಹತ್ತಿ ಸೀರೆಯಿಂದ ಹೊಟ್ಟೆ ಕಟ್ಟುವುದನ್ನು ಬೈಯಬೇಕಿಲ್ಲ. ಆಸರೆ ಸಿಗುತ್ತದೆ, ಹಾಯೆನಿಸುತ್ತದೆ. ಆದರೆ ಬಟ್ಟೆ ಸ್ನಾಯುವಿಗೆ ಬಲ ಕೊಡುವುದಿಲ್ಲ. ತೀರಾ ಬಿಗಿದರೆ ಒತ್ತಡ ಪೆಲ್ವಿಕ್ ಫ್ಲೋರ್ ಮೇಲೆ ಇಳಿಯುತ್ತದೆ. "ಉಸಿರಾಡೋಕೆ ಆಗುತ್ತಾ ಅಕ್ಕಾ?" ಎಂದು ಕೇಳಿ, ಅಜ್ಜಿಯ ಮುಂದೆಯೇ.

ಹೊಕ್ಕುಳ ಬಳಿ ಗಂಟು ಗಟ್ಟಿಯಾಗಿ, ನೋಯುತ್ತಾ, ಒತ್ತಿದರೂ ಒಳಗೆ ಹೋಗದಿದ್ದರೆ ಅದು ನಮ್ಮ ಕೇಸ್ ಅಲ್ಲ. ಹರ್ನಿಯಾ ಸಿಕ್ಕಿಕೊಂಡಿರಬಹುದು. ವ್ಯಾಯಾಮ ನಿಲ್ಲಿಸಿ, ಅವತ್ತೇ ಸರ್ಜನ್ ಬಳಿ ಕಳಿಸಿ.