777 ಕೊಟ್ಟರೆ ಕೆಲಸವಾಗುತ್ತದಲ್ಲ, ಹಾಗೆಯೇ ಬಿಡಬಹುದೇ?

ಪ್ರಶ್ನೆ: ಉಬುಂಟು (ಲಿನಕ್ಸ್) ಸರ್ವರ್‌ನಲ್ಲಿ ಆನ್‌ಲೈನ್ ಅಂಗಡಿ ನಡೆಸುವ ಓಪನ್‌ಕಾರ್ಟ್ ತಂತ್ರಾಂಶ ಹಾಕುತ್ತಿದ್ದೇನೆ. ಅನುಸ್ಥಾಪನೆಯ ಎರಡನೇ ಪುಟದಲ್ಲಿ ಕೆಲವು ಫೈಲ್ ಮತ್ತು ಫೋಲ್ಡರ್‌ಗಳ ಮುಂದೆ 'ಬರೆಯಲಾಗದು' ಎಂದು ಕೆಂಪಕ್ಷರದಲ್ಲಿ ಬಂತು. ಇಡೀ ಫೋಲ್ಡರಿಗೆ 777 ಅನುಮತಿ (ಯಾರು ಬೇಕಾದರೂ ಓದಿ, ಬರೆದು, ಓಡಿಸುವ ಹಕ್ಕು) ಕೊಟ್ಟೆ. ಎಲ್ಲವೂ ಹಸಿರಾಯಿತು, ಅಂಗಡಿಯೂ ತೆರೆದುಕೊಂಡಿತು. ಹೀಗೆಯೇ ಬಿಡಬಹುದೇ?

ಉತ್ತರ: ಬಿಡಬಾರದು. ಇವತ್ತೇ ಸರಿಪಡಿಸಿ. ಹೇಗೆಂದು ಮುಂದೆ ಹೇಳುತ್ತೇನೆ, ಆದರೆ ಮೊದಲು ಏಕೆಂಬುದನ್ನು ಓದಲೇಬೇಕು. ಬರೀ ಆದೇಶಗಳನ್ನು ಬರೆದುಕೊಟ್ಟಾಗಲೆಲ್ಲ ಅದೇ ಜನ ಕೆಲವು ತಿಂಗಳ ನಂತರ ಅದೇ ಪ್ರಶ್ನೆ ಹಿಡಿದು ಮರಳಿ ಬಂದಿದ್ದಾರೆ. ಒಮ್ಮೆ ಪ್ರೆಸ್ಟಾಶಾಪ್, ಒಮ್ಮೆ ಮಜೆಂಟೊ, ಒಮ್ಮೆ ವೂಕಾಮರ್ಸ್. ಎಲ್ಲವೂ ಅಂಗಡಿ ತಂತ್ರಾಂಶಗಳೇ, ಹೆಸರು ಮಾತ್ರ ಬೇರೆ.

ಅಲ್ಲಿಯವರೆಗಿನ ಕೆಲಸದಲ್ಲಿ ಯಾರೂ ಹೆಚ್ಚು ಎಡವುವುದಿಲ್ಲ. ವೆಬ್ ಸರ್ವರ್, ಪಿಎಚ್‌ಪಿ (ಅಂಗಡಿಯ ಕೋಡ್ ಬರೆದಿರುವ ಭಾಷೆ), ಅದರ ವಿಸ್ತರಣೆಗಳು, ಒಂದು ಖಾಲಿ ಡೇಟಾಬೇಸ್, ಅದಕ್ಕೊಬ್ಬ ಬಳಕೆದಾರ, ಜಿಪ್ ಬಿಚ್ಚಿ ಜಾಗಕ್ಕೆ ಇಡುವುದು, ಇಷ್ಟೇ. ಕೆಂಪಕ್ಷರ ಕಂಡೊಡನೆ ಮಾತ್ರ ಎಲ್ಲರ ಕೈಯೂ 777ರತ್ತ ಹೋಗುತ್ತದೆ. ಆ ಪುಟದಲ್ಲಿ ಬರುವ ಕೆಂಪು ಸಂದೇಶಗಳು ಎರಡು ಬಗೆ ಎಂಬುದನ್ನೂ ಗಮನಿಸುವುದಿಲ್ಲ. 'ಬರೆಯಲಾಗದು' ಎಂಬುದು ಅನುಮತಿಯ ಮಾತು. 'ಕಾಣೆಯಾಗಿದೆ' ಎಂಬುದು ಬೇರೆ: ಓಪನ್‌ಕಾರ್ಟ್ ತನ್ನ ಎರಡು ಕಾನ್ಫಿಗ್ ಫೈಲುಗಳನ್ನು (ಹೊಂದಿಕೆಗಳನ್ನು ಬರೆದಿಡುವ ಫೈಲುಗಳು) 'ಕಾನ್ಫಿಗ್-ಡಿಸ್ಟ್' ಎಂಬ ಹೆಸರಿನಲ್ಲಿ ಕೊಡುತ್ತದೆ, ಅವುಗಳ ಹೆಸರನ್ನು 'ಕಾನ್ಫಿಗ್' ಎಂದು ನೀವೇ ಬದಲಿಸಬೇಕು. ಇಲ್ಲದ ಫೈಲಿಗೆ ಎಷ್ಟು ಅನುಮತಿ ಕೊಟ್ಟರೂ ಅದು ಹುಟ್ಟಿಬರುವುದಿಲ್ಲ.

ಈಗ ಆ ಹಟಮಾರಿ ನಂಬಿಕೆಗೆ ಬರೋಣ. '777 ಎಂದರೆ ಪೂರ್ಣ ಅನುಮತಿ. ಪೂರ್ಣ ಅನುಮತಿ ಕೊಟ್ಟ ಮೇಲೆ ಅನುಮತಿಯ ತೊಂದರೆ ಎಲ್ಲಿಂದ ಬರಬೇಕು?' ಕೇಳಲು ಸರಿಯಾಗಿಯೇ ಇದೆ. ಆದರೆ ಇದು ತಪ್ಪು, ಎರಡೆರಡು ಬಗೆಯಲ್ಲಿ ತಪ್ಪು.

ಮೂರು ಅಂಕೆಗಳು ಮೂವರಿಗೆ: ಮೊದಲನೆಯದು ಮಾಲೀಕನಿಗೆ, ಎರಡನೆಯದು ಗುಂಪಿಗೆ, ಮೂರನೆಯದು ಉಳಿದವರೆಲ್ಲರಿಗೆ. ಓದುವುದಕ್ಕೆ 4, ಬರೆಯುವುದಕ್ಕೆ 2, ಓಡಿಸುವುದಕ್ಕೆ 1, ಕೂಡಿದರೆ 7. ಇಷ್ಟು ಎಲ್ಲರಿಗೂ ಬಾಯಿಪಾಠ. ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಇದನ್ನು ಹೇಗೆ ಓದುತ್ತದೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದು ಮೊದಲು 'ಈತ ಮಾಲೀಕನೇ?' ಎಂದು ನೋಡುತ್ತದೆ. ಹೌದಾದರೆ ಮೊದಲ ಅಂಕೆಯಷ್ಟೇ ಲೆಕ್ಕಕ್ಕೆ, ಮುಂದಿನವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಅಲ್ಲವಾದರೆ ಗುಂಪು, ಅದೂ ಅಲ್ಲವಾದರೆ ಉಳಿದವರು. ಬೇಕಿದ್ದರೆ ನಿಮ್ಮದೇ ಒಂದು ಫೈಲಿಗೆ 077 ಕೊಟ್ಟು ತೆರೆಯಲು ನೋಡಿ. ಊರಿಗೆಲ್ಲ ತೆರೆದ ಫೈಲ್ ಅದರ ಮಾಲೀಕರಾದ ನಿಮಗೇ ತೆರೆಯುವುದಿಲ್ಲ. ಅನುಮತಿಯ ಲೆಕ್ಕ ಶುರುವಾಗುವುದು 'ಯಾರು' ಎಂಬಲ್ಲಿಂದ. ನೀವು 'ಎಷ್ಟು' ಎಂಬುದನ್ನು ಹಿಗ್ಗಿಸುತ್ತಾ ಹೋದಿರಿ.

ಮೊದಲ ತಪ್ಪು: 777 ಎಷ್ಟೋ ಕಡೆ ಕೆಲಸವನ್ನೇ ಮಾಡುವುದಿಲ್ಲ. ಅಂಗಡಿಯ ಫೋಲ್ಡರನ್ನು ನಿಮ್ಮ ಹೋಮ್ ಡೈರೆಕ್ಟರಿಯೊಳಗೆ ಇಟ್ಟಿದ್ದೀರಿ ಎನ್ನಿ. ಒಂದು ಫೈಲನ್ನು ಮುಟ್ಟಬೇಕಾದರೆ ದಾರಿಯಲ್ಲಿರುವ ಪ್ರತಿಯೊಂದು ಡೈರೆಕ್ಟರಿಯನ್ನೂ ದಾಟುವ ಹಕ್ಕು ಬೇಕು. ಉಬುಂಟು 21.04ರಿಂದ ಹೊಸ ಹೋಮ್ ಡೈರೆಕ್ಟರಿಗಳು 750ರಲ್ಲಿ ಹುಟ್ಟುತ್ತವೆ, ಅಂದರೆ ಹೊರಗಿನವರಿಗೆ ಹೊಸ್ತಿಲಲ್ಲೇ ತಡೆ. ಒಳಗಿನ ಕೋಣೆಗಳ ಬಾಗಿಲನ್ನೆಲ್ಲ ಕಿತ್ತೆಸೆದರೂ ಹೆಬ್ಬಾಗಿಲು ಮುಚ್ಚಿಯೇ ಇರುತ್ತದೆ. ಆ ಪೂರ್ತಿ ದಾರಿಯನ್ನು 'ನೇಮಿ' ಆದೇಶಕ್ಕೆ 'ಎಲ್' ಆಯ್ಕೆ ಸೇರಿಸಿ ಒಮ್ಮೆ ನೋಡಿ. ದಾರಿಯ ಒಂದೊಂದು ಮೆಟ್ಟಿಲಿಗೂ ಒಂದೊಂದು ಸಾಲು ಬರುತ್ತದೆ, ಮಾಲೀಕರ ಹೆಸರಿನೊಂದಿಗೆ. ತಡೆ ಎಲ್ಲಿದೆ ಎಂದು ಹತ್ತು ಸೆಕೆಂಡಿನಲ್ಲಿ ತಿಳಿಯುತ್ತದೆ. ಇಷ್ಟು ಉಪಕಾರಿಯಾದ ಆದೇಶವನ್ನು ಇಷ್ಟು ಕಡಿಮೆ ಜನ ಬಳಸುತ್ತಾರಲ್ಲ ಎಂಬುದು ನನ್ನ ಬಹುದಿನದ ಕೊರಗು.

ಲಿನಕ್ಸ್‌ನ ಇನ್ನೊಂದು ಕುಟುಂಬವಾದ ರೆಡ್ ಹ್ಯಾಟ್ ಬಳಗದ ಸರ್ವರ್ ಆದರೆ ಅಲ್ಲಿ ಎಸ್‌ಇಲಿನಕ್ಸ್ ಎಂಬ ಹೆಚ್ಚುವರಿ ಭದ್ರತಾ ವ್ಯವಸ್ಥೆಯ ಕಾವಲಿರುತ್ತದೆ. ಅದು ನೋಡುವುದು ಫೈಲಿನ ಮೇಲಿನ ಗುರುತುಪಟ್ಟಿಯನ್ನು, ನಿಮ್ಮ 777ಕ್ಕೆ ಅಲ್ಲಿ ಬೆಲೆಯಿಲ್ಲ. ಹೋಮ್‌ನಲ್ಲಿ ಜಿಪ್ ಬಿಚ್ಚಿ 'ಎಂವಿ' ಆದೇಶದಿಂದ ವೆಬ್ ಫೋಲ್ಡರಿಗೆ ಸಾಗಿಸಿದರೆ ಫೈಲುಗಳು ಹೋಮ್‌ನ ಗುರುತುಪಟ್ಟಿಯನ್ನೇ ಹೊತ್ತುಕೊಂಡು ಹೋಗುತ್ತವೆ. ನಕಲು ಮಾಡಿದ್ದರೆ ಹೊಸ ಜಾಗದ ಪಟ್ಟಿ ಅಂಟುತ್ತಿತ್ತು. ಗುರುತುಪಟ್ಟಿಯನ್ನು ಸರಿಪಡಿಸುವ 'ರಿಸ್ಟೋರ್‌ಕಾನ್' ಆದೇಶ ಓಡಿಸಿದರೆ ಮುಗಿಯುವ ಕೆಲಸಕ್ಕೆ ಜನ ಗಂಟೆಗಟ್ಟಲೆ ಅನುಮತಿಯ ಅಂಕೆಗಳನ್ನು ಬದಲಿಸುತ್ತಾ ಕೂರುತ್ತಾರೆ, ಹುತ್ತ ಬಡಿದ ಹಾಗೆ. ಇನ್ನು ಕೆಲವು ಹಂಚಿಕೆಯ ಸರ್ವರ್‌ಗಳಲ್ಲಿರುವ ಎಸ್‌ಯುಎಕ್ಸೆಕ್ (ಪ್ರೋಗ್ರಾಮನ್ನು ಅದರ ಮಾಲೀಕನ ಹೆಸರಿನಲ್ಲಿ ಓಡಿಸುವ ವೆಬ್ ಸರ್ವರಿನ ಸಾಧನ), ಬೇರೆಯವರು ಬರೆಯಬಹುದಾದ ಪ್ರೋಗ್ರಾಮನ್ನು ಓಡಿಸಲು ಒಪ್ಪುವುದೇ ಇಲ್ಲ. ಅಲ್ಲಿ 777 ಕೊಟ್ಟದ್ದಕ್ಕೇ 500ರ ದೋಷಪುಟ ಬರುತ್ತದೆ.

ಎರಡನೆಯ ತಪ್ಪು: ಕೆಲಸ ಮಾಡಿದ ಕಡೆ ಅದು ಇನ್ನೂ ಅಪಾಯಕಾರಿ. ಸರ್ವರ್‌ನಲ್ಲಿ ಇರುವವನು ನಾನೊಬ್ಬನೇ, 'ಉಳಿದವರು' ಯಾರಿದ್ದಾರೆ ಎನ್ನುತ್ತೀರಿ. ಬಳಕೆದಾರರ ಪಟ್ಟಿಯಿರುವ ಪಾಸ್‌ವರ್ಡ್ ಫೈಲನ್ನು (/etc/passwd) ತೆರೆದು ಎಣಿಸಿ. ನೀವೊಬ್ಬರೇ ಬಳಸುವ ಸರ್ವರ್‌ನಲ್ಲಿಯೂ ಎರಡು ಮೂರು ಡಜನ್ ಬಳಕೆದಾರರಿರುತ್ತಾರೆ: ವೆಬ್ ಸರ್ವರ್‌ಗೊಬ್ಬ, ಡೇಟಾಬೇಸಿಗೊಬ್ಬ, ಅಂಚೆಗೊಬ್ಬ. ಇವರಲ್ಲಿ ಯಾರೊಬ್ಬರ ಪ್ರೋಗ್ರಾಮಿನಲ್ಲಿ ಬಿರುಕು ಬಿಟ್ಟರೂ ನಿಮ್ಮ ಅಂಗಡಿಯ ಪ್ರತಿಯೊಂದು ಸಾಲು ಕೋಡ್ ತಿದ್ದಲು ಸಿಗುತ್ತದೆ. ಕಾನ್ಫಿಗ್ ಫೈಲಿನಲ್ಲಿ ಡೇಟಾಬೇಸಿನ ಪಾಸ್‌ವರ್ಡ್ ಗೂಢಲಿಪಿಯಿಲ್ಲದೆ ನೇರವಾಗಿ ಬರೆದಿದೆ, ಅದೂ ಸಿಗುತ್ತದೆ.

ಅಂಗಡಿಯ ಕೋಡನ್ನು ತಿದ್ದುವವರು ಮುಖಪುಟ ಕೆಡಿಸಿ ಹೋಗುತ್ತಾರೆ ಎಂದುಕೊಳ್ಳಬೇಡಿ. ಪಾವತಿ ಪುಟಕ್ಕೆ ಸದ್ದಿಲ್ಲದೆ ಕೆಲವು ಸಾಲು ಸೇರಿಸುತ್ತಾರೆ. 2018ರಲ್ಲಿ ಬ್ರಿಟಿಷ್ ಏರ್‌ವೇಸ್ ಜಾಲತಾಣದಲ್ಲಿ ಗ್ರಾಹಕರ ಕಾರ್ಡ್ ವಿವರ ಕದ್ದದ್ದು 22 ಸಾಲಿನ ಜಾವಾಸ್ಕ್ರಿಪ್ಟ್. ಅಲ್ಲಿ ಕಳ್ಳರು ಒಳಹೊಕ್ಕ ದಾರಿ ಬೇರೆಯೇ ಇತ್ತು, ಆದರೆ ಒಳಗೆ ಬಂದ ಮೇಲೆ ಅವರಿಗೆ ಬೇಕಾದದ್ದು ಒಂದು ಫೈಲನ್ನು ತಿದ್ದುವ ಅವಕಾಶ. 2020ರಲ್ಲಿ ಆ ಸಂಸ್ಥೆಗೆ ಬಿದ್ದ ದಂಡ 2 ಕೋಟಿ ಪೌಂಡ್. 777 ಅದೇ ಅವಕಾಶವನ್ನು ತಟ್ಟೆಯಲ್ಲಿಟ್ಟು ಕೊಡುತ್ತದೆ.

ಈ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದೇನೂ ಅಲ್ಲ. ಹಿಂದೆ ಹಂಚಿಕೆಯ ಸರ್ವರ್‌ಗಳಲ್ಲಿ ಪಿಎಚ್‌ಪಿ ಅಪಾಚೆ ಎಂಬ ವೆಬ್ ಸರ್ವರಿನೊಳಗೇ ಓಡುತ್ತಿತ್ತು, 'ನೋಬಡಿ' ಎಂಬಂಥ ಹೆಸರಿನಲ್ಲಿ. ಎಫ್‌ಟಿಪಿಯಿಂದ ಏರಿಸಿದ ಫೈಲುಗಳ ಮಾಲೀಕರು ನೀವು. ಮಾಲೀಕನನ್ನಾಗಲಿ ಗುಂಪನ್ನಾಗಲಿ ಬದಲಿಸುವ ಅಧಿಕಾರ ನಿಮಗಿರಲಿಲ್ಲ, ಉಳಿದದ್ದು ಮೂರನೆಯ ಅಂಕೆಯೊಂದೇ. ಆಗಿನ ಕೈಪಿಡಿಗಳು ಬೇರೆ ದಾರಿಯಿಲ್ಲದೆ ಹಾಗೆ ಬರೆದವು, ಮುಗಿದ ಮೇಲೆ ವಾಪಸು ಬದಲಿಸಿ ಎಂದೂ ಬರೆದವು. ಜನ ಮೊದಲ ಸಾಲನ್ನು ನೆನಪಿಟ್ಟುಕೊಂಡರು. ಇವತ್ತು ಸರ್ವರ್ ನಿಮ್ಮದು, ರೂಟ್ (ಸರ್ವರಿನ ಪರಮಾಧಿಕಾರಿ ಬಳಕೆದಾರ) ಅಧಿಕಾರ ನಿಮ್ಮದು. ಆ ಕಾಲದ ಊರುಗೋಲು ನಿಮಗೇಕೆ?

ಸರಿಪಡಿಸುವುದು ಹೀಗೆ. ಮೊದಲು ಪಿಎಚ್‌ಪಿ ಯಾರ ಹೆಸರಿನಲ್ಲಿ ಓಡುತ್ತಿದೆ ಎಂದು 'ಪಿಎಸ್' ಆದೇಶದಿಂದ ಕಣ್ಣಾರೆ ನೋಡಿ, ಊಹಿಸಬೇಡಿ. ಉಬುಂಟುವಿನಲ್ಲಿ ಸಾಮಾನ್ಯವಾಗಿ ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಎಂಬ ಬಳಕೆದಾರ. ರೆಡ್ ಹ್ಯಾಟ್ ಬಳಗದಲ್ಲಿ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಹಾಕಿದ್ದರೂ ಪಿಎಚ್‌ಪಿಯನ್ನು ನಡೆಸುವ ಎಫ್‌ಪಿಎಂ ಮೂಲತಃ 'ಅಪಾಚೆ' ಹೆಸರಿನಲ್ಲೇ ಓಡುತ್ತದೆ. ಫೈಲುಗಳನ್ನೆಲ್ಲ 'ಎಂಜಿನ್‌ಎಕ್ಸ್' ಹೆಸರಿಗೆ ಬರೆದುಕೊಟ್ಟು ಅರ್ಧ ದಿನ ತಲೆ ಕೆಡಿಸಿಕೊಂಡವರು ನನಗೆ ಗೊತ್ತು.

ಆಮೇಲೆ 'ಚೌನ್' ಆದೇಶದಿಂದ ಮಾಲೀಕರಾಗಿ ನಿಮ್ಮನ್ನೂ ಗುಂಪಾಗಿ ಆ ವೆಬ್ ಬಳಕೆದಾರನ ಗುಂಪನ್ನೂ ಇಡಿ. ಡೈರೆಕ್ಟರಿಗಳಿಗೆ 750, ಫೈಲುಗಳಿಗೆ 640. ಬರೆಯಬೇಕಾದ ಚಿತ್ರಗಳ ಫೋಲ್ಡರ್ ಮತ್ತು ಸ್ಟೋರೇಜ್ ಫೋಲ್ಡರ್‌ಗಳಲ್ಲಿ ಮಾತ್ರ ಡೈರೆಕ್ಟರಿಗೆ 2770, ಫೈಲಿಗೆ 660. ಮುಂದಿನ 2 ಇದ್ದರೆ ಅಲ್ಲಿ ಹುಟ್ಟುವ ಹೊಸ ಫೈಲುಗಳು ಅದೇ ಗುಂಪಿಗೆ ಸೇರುತ್ತವೆ. ಎರಡು ಕಾನ್ಫಿಗ್ ಫೈಲುಗಳಿಗೆ ಅನುಸ್ಥಾಪನೆ ಮುಗಿಯುವವರೆಗೆ 660, ಮುಗಿದೊಡನೆ 640.

ಇಲ್ಲೊಂದು ಸೂಕ್ಷ್ಮವಿದೆ. ಫೋಲ್ಡರಿಗೆ ಮಾತ್ರ ಓಡಿಸುವ ಹಕ್ಕು ಕೊಡಲು ಅನುಮತಿ ಬದಲಿಸುವ 'ಚ್‌ಮಾಡ್' ಆದೇಶದಲ್ಲಿ ದೊಡ್ಡಕ್ಷರದ 'ಎಕ್ಸ್' ಬಳಸಿ ಎಂದು ಬಲ್ಲವರು ಹೇಳುತ್ತಾರೆ. ಒಳ್ಳೆಯ ಉಪಾಯವೇ. ಆದರೆ ದೊಡ್ಡ 'ಎಕ್ಸ್' ಈಗಾಗಲೇ ಓಡಿಸುವ ಹಕ್ಕಿರುವ ಫೈಲುಗಳಿಗೂ ಅದನ್ನು ಕೊಡುತ್ತದೆ. ನಿಮ್ಮ 777 ಪ್ರತಿಯೊಂದು ಚಿತ್ರಕ್ಕೂ ಆ ಹಕ್ಕನ್ನು ಅಂಟಿಸಿಬಿಟ್ಟಿದೆ. ಆದ್ದರಿಂದ 'ಫೈಂಡ್' ಆದೇಶದಿಂದ ಡೈರೆಕ್ಟರಿಗಳನ್ನು ಬೇರೆ, ಫೈಲುಗಳನ್ನು ಬೇರೆ ಆರಿಸಿ ಅಂಕೆ ಕೊಡಬೇಕು.

ಇಡೀ ಅಂಗಡಿಯನ್ನು ವೆಬ್ ಬಳಕೆದಾರನ ಹೆಸರಿಗೇ ಬರೆದುಬಿಟ್ಟರೆ ಸುಲಭವಲ್ಲವೇ ಎಂದು ಕೇಳುವವರಿದ್ದಾರೆ. ಸುಲಭ ಹೌದು. ಆಡಳಿತ ಪುಟದಿಂದಲೇ ವಿಸ್ತರಣೆಗಳನ್ನು ಹಾಕಿಕೊಳ್ಳಲೂಬಹುದು. ಆದರೆ ಪಿಎಚ್‌ಪಿ ತನ್ನ ಕೋಡನ್ನು ತಾನೇ ತಿದ್ದಬಲ್ಲದಾದರೆ, ಪಿಎಚ್‌ಪಿಯಲ್ಲಿ ರಂಧ್ರ ಕಂಡುಕೊಂಡವನೂ ತಿದ್ದಬಲ್ಲ. ಹಣ ಓಡಾಡುವ ಜಾಗದಲ್ಲಿ ಆ ಅನುಕೂಲ ಬೇಡ. ವಿಸ್ತರಣೆಗಳನ್ನು ಟರ್ಮಿನಲ್‌ನಿಂದ ಹಾಕಿ. ಇನ್‌ಸ್ಟಾಲ್ ಫೋಲ್ಡರನ್ನು ಅಳಿಸಿ. ಸ್ಟೋರೇಜ್ ಫೋಲ್ಡರನ್ನು ವೆಬ್ ಫೋಲ್ಡರಿನ ಹೊರಗೆ ಸಾಗಿಸಲು ಓಪನ್‌ಕಾರ್ಟ್ ತಾನೇ ಸೂಚಿಸುತ್ತದೆ, ಆ ಕಿಟಕಿಯನ್ನು ಮುಚ್ಚದೆ ಹೇಳಿದಂತೆ ಮಾಡಿ. ಚಿತ್ರಗಳ ಫೋಲ್ಡರಿನಲ್ಲಿ ಪಿಎಚ್‌ಪಿ ಓಡದಂತೆ ಸರ್ವರ್‌ನ ಕಾನ್ಫಿಗ್‌ನಲ್ಲೇ ತಡೆಯಿರಿ. ಅಪಾಚೆಗೆಂದು ಬರೆದ 'ಎಚ್‌ಟಿಆಕ್ಸೆಸ್' ಫೈಲನ್ನು ಎಂಜಿನ್‌ಎಕ್ಸ್ ಓದುವುದೇ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವರ ಅಂಗಡಿಯಲ್ಲಿ ಒಂದು ವಾರದ ನಂತರ ಅದೇ ತೊಂದರೆ ತಲೆಯೆತ್ತುತ್ತದೆ. ಮಜೆಂಟೊ ಬಳಸುವವರಲ್ಲಂತೂ ಇದು ತೀರಾ ಹೆಚ್ಚು. ಅವರು ಕೇಳಬೇಕಾದ, ಆದರೆ ಯಾರೂ ಕೇಳದ ಪ್ರಶ್ನೆ: ಕ್ರಾನ್ (ಗೊತ್ತುಪಡಿಸಿದ ಸಮಯಕ್ಕೆ ಕೆಲಸಗಳನ್ನು ತಾನೇ ಓಡಿಸುವ ವ್ಯವಸ್ಥೆ) ಯಾರ ಹೆಸರಿನಲ್ಲಿ ಓಡುತ್ತಿದೆ?

ಮಜೆಂಟೊದಲ್ಲಿ ಕ್ರಾನ್ ನಿಮಿಷಕ್ಕೊಮ್ಮೆ ಎಚ್ಚರಗೊಂಡು ಸೂಚಿ ನವೀಕರಿಸುವಂಥ ಕೆಲಸಗಳನ್ನು ಮಾಡುತ್ತದೆ. ಸರ್ವರಿಗೆ ರೂಟ್ ಆಗಿ ಲಾಗಿನ್ ಆಗಿದ್ದವರು ಆ ಸಾಲನ್ನು ರೂಟ್‌ನ ಕ್ರಾನ್‌ಪಟ್ಟಿಯಲ್ಲೇ ಬರೆದಿರುತ್ತಾರೆ. ಆಗ ಕ್ಯಾಷ್ (ತಾತ್ಕಾಲಿಕ ಸಂಗ್ರಹದ) ಫೋಲ್ಡರಿನಲ್ಲಿ ಹುಟ್ಟುವ ಫೈಲುಗಳಿಗೆ ರೂಟ್ ಮಾಲೀಕ. ಅವನ್ನು ಪಿಎಚ್‌ಪಿ ತಿದ್ದಲು ಹೋದೊಡನೆ ದೋಷ, ದೋಷ ಕಂಡೊಡನೆ ಮತ್ತೆ 777. ಮಜೆಂಟೊದ ಆದೇಶಗಳನ್ನು ಸುಡೊ (ರೂಟ್ ಅಧಿಕಾರದಲ್ಲಿ ಓಡಿಸುವ ಆದೇಶ) ಹಾಕಿ ಓಡಿಸಿದರೂ ಇದೇ ಕಥೆ. ಪಿಎಚ್‌ಪಿಯ ಕೋಡ್ ಪೊಟ್ಟಣಗಳನ್ನು ತಂದು ಹಾಕುವ ಕಂಪೋಸರ್ ಅಂತೂ ರೂಟ್ ಆಗಿ ಓಡಿಸಬೇಡಿ ಎಂದು ಪರದೆಯ ಮೇಲೇ ಎಚ್ಚರಿಸುತ್ತದೆ, ಓದಿ.

ರೂಟ್‌ನ ಪಟ್ಟಿಯಿಂದ ಆ ಸಾಲನ್ನು ತೆಗೆಯಿರಿ. 'ಕ್ರಾನ್‌ಟ್ಯಾಬ್' ಆದೇಶಕ್ಕೆ 'ಯು' ಆಯ್ಕೆಯೊಂದಿಗೆ ವೆಬ್ ಬಳಕೆದಾರನ ಹೆಸರು ಕೊಟ್ಟು ಅವನ ಪಟ್ಟಿಯಲ್ಲಿ ಬರೆಯಿರಿ. ರೂಟ್ ಹೆಸರಿನಲ್ಲಿ ಆಗಲೇ ಹುಟ್ಟಿರುವ ಫೈಲುಗಳ ಮಾಲೀಕತ್ವ ಬದಲಿಸಿ. ಒಂದು ಗಂಟೆ ಬಿಟ್ಟು ಅಂಗಡಿಯ ಫೋಲ್ಡರಿನಲ್ಲಿ ರೂಟ್ ಮಾಲೀಕನಾಗಿರುವ ಫೈಲುಗಳನ್ನು ಹುಡುಕಲು 'ಫೈಂಡ್'ಗೆ ಹೇಳಿ. ಒಂದು ಸಾಲೂ ಬರಬಾರದು. ಬಂದರೆ ಆ ಫೈಲು ಹುಟ್ಟಿದ ಸಮಯ ನೋಡಿ, ಆ ನಿಮಿಷದಲ್ಲಿ ರೂಟ್ ಆಗಿ ಓಡಿದ್ದು ಏನೆಂದು ಸಿಸ್ಟಂ ಲಾಗ್‌ನಲ್ಲಿ ಹುಡುಕಿ.