ಕಾರು ವಿಮೆಯ ನವೀಕರಣ: ಕಡಿಮೆ ಕಂತಿನಲ್ಲಿ ಏನು ಬಿಟ್ಟುಹೋಗಿದೆ ಎಂದು ನೋಡಿ

ಅಪಘಾತವಾದ ವಾಹನಗಳ ನಷ್ಟ ಅಂದಾಜು ಮಾಡುವ ಸರ್ವೇಯರ್ ಆಗಿ ನಾನು ಪಾಲಿಸಿಯನ್ನು ಓದುವುದು ಗ್ಯಾರೇಜಿನಲ್ಲಿ, ಜಖಂಗೊಂಡ ಕಾರಿನ ಪಕ್ಕದಲ್ಲಿ ನಿಂತು. ಮಾಲೀಕರಲ್ಲಿ ಹೆಚ್ಚಿನವರು ಅದನ್ನು ಮೊದಲ ಸಲ ಓದುವುದೂ ಅಲ್ಲಿಯೇ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ.

ಹಾಸನದ ಗ್ಯಾರೇಜೊಂದರಲ್ಲಿ ಶಾಲಾ ಶಿಕ್ಷಕರೊಬ್ಬರ ಕಾರು ನಿಂತಿತ್ತು. ರಾತ್ರಿ ರಸ್ತೆಗೆ ಅಡ್ಡ ಬಂದ ಎಮ್ಮೆಗೆ ಗುದ್ದಿ ಮುಂಭಾಗ ಪೂರ್ತಿ ಒಳಸರಿದಿತ್ತು. ನಾಲ್ಕು ವರ್ಷ ಎರಡು ತಿಂಗಳಿನ ಕಾರು. ಎರಡು ತಿಂಗಳ ಹಿಂದಷ್ಟೇ ಅವರು ಹಳೆಯ ಕಂಪನಿಯನ್ನು ಬಿಟ್ಟು, 2,100 ರೂಪಾಯಿ ಕಡಿಮೆ ಕೇಳಿದ ಇನ್ನೊಂದು ಕಂಪನಿಯಲ್ಲಿ ಪಾಲಿಸಿ ಮಾಡಿಸಿದ್ದರು. ‘ಫುಲ್ ಇನ್ಶೂರೆನ್ಸ್ ಇದೆಯಲ್ಲ ಸಾರ್’ ಎಂದರು. ಇತ್ತು, ಆದರೆ ಹಿಂದಿನ ಪಾಲಿಸಿಯಲ್ಲಿದ್ದ ಜೀರೋ ಡೆಪ್, ಅಂದರೆ ಭಾಗಗಳ ಬೆಲೆಯಲ್ಲಿ ಸವಕಳಿ ಕಳೆಯದಿರುವ ಹೆಚ್ಚುವರಿ ರಕ್ಷಣೆ, ಹೊಸದರಲ್ಲಿ ಇರಲಿಲ್ಲ. ಅದಿಲ್ಲದಿದ್ದರೆ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಬೆಲೆಯಲ್ಲಿ ಅರ್ಧವನ್ನು ಸವಕಳಿಯೆಂದು ಕಳೆಯಬೇಕು. ಆ ವಯಸ್ಸಿನ ಕಾರಿನ ಲೋಹದ ಭಾಗಗಳಿಗೆ ಶೇ. 35 ಕಳೆಯಬೇಕು. ಬಂಪರ್, ಗ್ರಿಲ್, ಹೆಡ್‌ಲೈಟ್‌ಗಳೆಲ್ಲ ಸೇರಿ ಪ್ಲಾಸ್ಟಿಕ್ ಬಾಬತ್ತೇ 32,000 ರೂಪಾಯಿ ಆಗಿತ್ತು, ಅದರಲ್ಲಿ 16,000 ಹೋಯಿತು. ಬಾನೆಟ್ ಮುಂತಾದ 14,000 ರೂಪಾಯಿಯ ತಗಡಿನ ಭಾಗಗಳಲ್ಲಿ 4,900, ಪ್ರತಿ ಕ್ಲೇಮಿನಲ್ಲೂ ಮಾಲೀಕರೇ ಭರಿಸಬೇಕಾದ ಕಡ್ಡಾಯ ಕಡಿತವಾಗಿ 1,000. ಬಣ್ಣದ ಲೆಕ್ಕವನ್ನು ಬಿಟ್ಟರೂ 21,900 ರೂಪಾಯಿಯನ್ನು ಅವರು ಕೈಯಿಂದ ಕಟ್ಟಬೇಕಾಯಿತು.

ನವೀಕರಣಕ್ಕೆ ಮೊದಲು ಮೂರು–ನಾಲ್ಕು ಕಡೆ ದರ ವಿಚಾರಿಸುವುದನ್ನು ನಾನು ತಪ್ಪೆನ್ನುವುದಿಲ್ಲ, ವಿಚಾರಿಸಲೇಬೇಕು. ನಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿಗೆ ಕಟ್ಟುವ ಥರ್ಡ್ ಪಾರ್ಟಿ ಕಂತನ್ನು ಸರ್ಕಾರವೇ ನಿಗದಿ ಮಾಡುವುದರಿಂದ ಅದು ಎಲ್ಲ ಕಂಪನಿಗಳಲ್ಲೂ ಒಂದೇ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 1,000ದಿಂದ 1,500 ಸಿಸಿಯೊಳಗಿನ ಖಾಸಗಿ ಕಾರಿಗೆ ಅದು 3,416 ರೂಪಾಯಿ. ಕಂಪನಿಯಿಂದ ಕಂಪನಿಗೆ ಬದಲಾಗುವುದು ಸ್ವಂತ ವಾಹನದ ಹಾನಿಯ ಭಾಗ, ಅಂದರೆ ಓನ್ ಡ್ಯಾಮೇಜ್ ಕಂತು. ಆದರೆ ಎರಡು ಕೋಟೇಶನ್‌ಗಳನ್ನು ಹೋಲಿಸುವ ಮೊದಲು ಅವೆರಡೂ ಒಂದೇ ರಕ್ಷಣೆಗೆ ಕೊಟ್ಟ ದರಗಳೇ ಎಂದು ನೋಡಬೇಕು.

ಇದರಲ್ಲಿ ಹೆಚ್ಚು ಜನ ಎಡವುವುದು ಐಡಿವಿಯಲ್ಲಿ, ಅಂದರೆ ಪಾಲಿಸಿಯಲ್ಲಿ ಕಾರಿಗೆ ಬರೆದ ಬೆಲೆಯಲ್ಲಿ. ಕಾರು ಕಳುವಾದರೆ, ಅಥವಾ ದುರಸ್ತಿಯ ವೆಚ್ಚ ಐಡಿವಿಯ ಶೇ. 75ನ್ನು ಮೀರಿ ಕಾರು ಪೂರ್ಣ ನಷ್ಟವೆಂದು ತೀರ್ಮಾನವಾದರೆ, ಪರಿಹಾರದ ಲೆಕ್ಕ ನಿಲ್ಲುವುದು ಆ ಮೊತ್ತದ ಮೇಲೆಯೇ. ಐಡಿವಿಯನ್ನು ಐದು ಲಕ್ಷದಿಂದ ನಾಲ್ಕೂಕಾಲು ಲಕ್ಷಕ್ಕೆ ಇಳಿಸಿದರೆ ಕಂತು ತಾನಾಗಿ ಇಳಿಯುತ್ತದೆ. ಅದು ರಿಯಾಯಿತಿಯಲ್ಲ, ನಿಮ್ಮ ಕಾರಿನ ಬೆಲೆಯನ್ನೇ ಮುಕ್ಕಾಲು ಲಕ್ಷ ಕಡಿಮೆ ಬರೆದದ್ದು. ಸ್ವಯಂಪ್ರೇರಿತ ಕಡಿತದ ಕಾಲಂ ಕೂಡ ಹೀಗೆಯೇ: ಅಲ್ಲಿ 5,000 ಎಂದಿದ್ದರೆ ಪ್ರತಿ ಕ್ಲೇಮಿನಲ್ಲೂ ಕಡ್ಡಾಯ ಕಡಿತದ ಜೊತೆಗೆ ಅಷ್ಟನ್ನೂ ನೀವೇ ಭರಿಸಬೇಕು. ಮಳೆನೀರು ನಿಲ್ಲುವ ರಸ್ತೆಗಳಲ್ಲಿ ಓಡಾಡುವವರು ಎಂಜಿನ್ ರಕ್ಷಣೆ ಇದೆಯೇ ಎಂದೂ ನೋಡಿಕೊಳ್ಳಲಿ.

ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ಮಾಲೀಕರದ್ದು, ಕಂಪನಿ ಬದಲಿಸಿದರೂ ಜೊತೆಗೇ ಬರುತ್ತದೆ. ಕ್ಲೇಮ್ ಮಾಡಿದರೆ, ಅಥವಾ ಪಾಲಿಸಿ ಮುಗಿದು 90 ದಿನ ದಾಟಿದರೆ ಕೈತಪ್ಪುತ್ತದೆ. ಅವಧಿ ಮುಗಿಯಲು ಬಿಟ್ಟರೆ ಕಾರಿನ ತಪಾಸಣೆಯಾಗದೆ ಸಾಮಾನ್ಯವಾಗಿ ಓನ್ ಡ್ಯಾಮೇಜ್ ರಕ್ಷಣೆ ಮತ್ತೆ ಸಿಗುವುದಿಲ್ಲ. ಆದ್ದರಿಂದ ಎರಡು–ಮೂರು ವಾರ ಮುಂಚೆಯೇ, ಹಳೆಯ ಪಾಲಿಸಿಯನ್ನು ಮುಂದಿಟ್ಟುಕೊಂಡು ವಿಚಾರಣೆ ಶುರುಮಾಡುವುದು ಒಳ್ಳೆಯದು.

ಮರುವರ್ಷ ಅದೇ ಶಿಕ್ಷಕರು ಫೋನ್ ಮಾಡಿದರು. ಒಂದು ಕಡೆ ಶೇ. 50 ಎನ್‌ಸಿಬಿ ಸೇರಿಸಿ ಬಹಳ ಕಡಿಮೆ ದರ ತೋರಿಸುತ್ತಿದೆ, ತೆಗೆದುಕೊಳ್ಳಲೇ ಎಂದು ಕೇಳಿದರು. ಕಳೆದ ವರ್ಷ ಕ್ಲೇಮ್ ಆಗಿದೆಯೇ ಎಂಬ ಪ್ರಶ್ನೆಗೆ ಏನು ಉತ್ತರಿಸಿದಿರಿ ಎಂದು ವಿಚಾರಿಸಿದೆ. ‘ಇಲ್ಲ’ ಎಂಬುದು ಮೊದಲೇ ಗುರುತಾಗಿತ್ತಂತೆ, ಅವರು ಗಮನಿಸಿರಲಿಲ್ಲ. ಅವರ ಎನ್‌ಸಿಬಿ ಆ ಎಮ್ಮೆಯ ಅಪಘಾತದೊಂದಿಗೆ ಸೊನ್ನೆಗೆ ಇಳಿದಿತ್ತು. ಮುಂದಿನ ಕ್ಲೇಮಿನ ಹೊತ್ತಿಗೆ ಹೊಸ ಕಂಪನಿ ಹಳೆಯ ಕಂಪನಿಯಿಂದ ಅದನ್ನು ತಿಳಿದುಕೊಂಡರೆ ಪರಿಹಾರವೇ ನಿಂತುಹೋಗಬಹುದು ಎಂದು ವಿವರಿಸಿದೆ. ಮೂರು ದಿನಗಳ ನಂತರ ಹೊಸ ಪಾಲಿಸಿಯ ಪ್ರತಿಯನ್ನು ಕಳುಹಿಸಿದರು. ಕಂತು ಹೆಚ್ಚಾಗಿತ್ತು, ಎನ್‌ಸಿಬಿ ಕಾಲಂನಲ್ಲಿ ಸೊನ್ನೆ ಇತ್ತು, ಜೀರೋ ಡೆಪ್ ಮರಳಿ ಬಂದಿತ್ತು.