ತಲೆ ಆಡಿಸಿ ಹೋದವರು ಮಾತ್ರೆ ಯಾಕೆ ನುಂಗಲಿಲ್ಲ?

ಪ್ರಶ್ನೆ: ನಾನು ದಕ್ಷಿಣ ಕನ್ನಡದವಳು, ಅಮೆರಿಕದ ಇಂಡಿಯಾನಾದಲ್ಲಿ ನರ್ಸ್. ನಮ್ಮ ಕ್ಲಿನಿಕ್‌ಗೆ ಬರ್ಮಾದ (ಈಗಿನ ಮ್ಯಾನ್ಮಾರ್) ನಿರಾಶ್ರಿತರು ತುಂಬಾ ಬರುತ್ತಾರೆ. ಹೇಳಿದ್ದಕ್ಕೆಲ್ಲ ತಲೆ ಆಡಿಸಿ, ನಕ್ಕು, ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ಮುಂದಿನ ಸಲ ನೋಡಿದರೆ ಮಾತ್ರೆ ಹಾಗೇ ಇರುತ್ತದೆ. ಹೊಸ ಸಿಬ್ಬಂದಿಗೆ ತರಬೇತಿ ಕೊಡುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ಅವರಿಗೆ ಏನು ಕಲಿಸಲಿ?

ಉತ್ತರ: ಚಿಕ್ಕವರಿದ್ದಾಗ ಅಜ್ಜಿ ಕಥೆ ಹೇಳುತ್ತಿದ್ದರೆ ನಾವು ಹೂಂಗುಟ್ಟುತ್ತಿದ್ದೆವು ಅಲ್ವಾ? ಆ ‘ಹೂಂ’ ಅಂದರೆ ‘ಒಪ್ಪಿದೆ’ ಅಂತಲ್ಲ. ‘ಕೇಳಿಸ್ತಾ ಇದೆ, ಮುಂದೆ ಹೇಳು’ ಅಂತ. ನಿಮ್ಮ ಕ್ಲಿನಿಕ್‌ನಲ್ಲಿ ಆಡುವ ಆ ತಲೆಯೂ ಬಹಳ ಸಲ ಬರೀ ಹೂಂಗುಟ್ಟುತ್ತಿರುತ್ತದೆ. ನಿಮ್ಮ ತರಬೇತಿಯನ್ನು ಇಲ್ಲಿಂದಲೇ ಶುರು ಮಾಡಿ.

ಬರ್ಮೀಸ್ ಭಾಷೆಯಲ್ಲಿ ‘ಆನಾದೆ’ ಅಂತ ಒಂದು ಮಾತಿದೆ. ಎದುರಿನವರಿಗೆ ತೊಂದರೆ ಕೊಡಬಾರದು, ಮುಖಕ್ಕೆ ಹೊಡೆದ ಹಾಗೆ ‘ಇಲ್ಲ’ ಅನ್ನಬಾರದು ಅನ್ನುವ ಮನಸ್ಸು ಅದು. ಇಂಗ್ಲಿಷಿನಲ್ಲಿ ಇದನ್ನು ಹೇಳಲು ಒಂದು ಪ್ಯಾರಾ ಬೇಕು. ನಮಗೆ ‘ದಾಕ್ಷಿಣ್ಯ’ ಅನ್ನುವ ಒಂದೇ ಪದ ಸಾಕು. ದೊಡ್ಡ ಡಾಕ್ಟರು ಬಿಡುವು ಮಾಡಿಕೊಂಡು ಇಷ್ಟೆಲ್ಲ ವಿವರಿಸಿದ್ದಾರೆ. ‘ಅರ್ಥ ಆಯ್ತಾ?’ ಅಂತ ಕೇಳಿದಾಗ ‘ಇಲ್ಲ’ ಅಂದರೆ, ‘ನಿಮಗೆ ಹೇಳೋಕೆ ಬರಲಿಲ್ಲ’ ಅಂದ ಹಾಗಾಗುತ್ತದೆ. ಅದಕ್ಕೇ ಆ ಪ್ರಶ್ನೆಯನ್ನೇ ಬಿಡಿಸಿ. ಬದಲಿಗೆ ಹೀಗೆ ಕೇಳುವುದನ್ನು ಅಭ್ಯಾಸ ಮಾಡಿಸಿ: ‘ನಾನು ಸರಿಯಾಗಿ ಹೇಳಿದ್ನಾ ಅಂತ ನೋಡ್ಕೋಬೇಕು. ಮನೆಗೆ ಹೋಗಿ ಈ ಮಾತ್ರೆ ಹೇಗೆ ತಗೋತೀರಿ, ಒಮ್ಮೆ ತೋರಿಸಿ.’ ತಪ್ಪಿದರೆ ತಪ್ಪು ನಮ್ಮದು, ಅವರದ್ದಲ್ಲ. ಇಬ್ಬಿಬ್ಬರನ್ನು ಕೂರಿಸಿ, ಒಬ್ಬರು ರೋಗಿಯಾಗಿ, ಒಬ್ಬರು ನರ್ಸ್ ಆಗಿ ಇದನ್ನು ಹತ್ತು ಸಲ ಮಾಡಿಸಿ. ಸ್ಲೈಡ್ ತೋರಿಸಿದರೆ ಇದು ಬರುವುದಿಲ್ಲ.

ಮಾತ್ರೆ ಉಳಿಯುವುದಕ್ಕೆ ಬೇರೆ ಕಾರಣಗಳೂ ಇವೆ. ಜೀವನಪೂರ್ತಿ ಬಿಪಿ ಮಾತ್ರೆ ನುಂಗಬೇಕು ಅನ್ನುವುದೇ ಕೆಲವರಿಗೆ ಹೊಸ ವಿಷಯ. ಜ್ವರಕ್ಕೋ ಮಲೇರಿಯಾಕ್ಕೋ ಕೆಲವು ದಿನ ಔಷಧಿ ತಗೊಂಡು, ವಾಸಿಯಾದ ಮೇಲೆ ಬಿಟ್ಟು ಅಭ್ಯಾಸ. ಡಬ್ಬಿ ಖಾಲಿಯಾದರೆ ಚಿಕಿತ್ಸೆ ಮುಗೀತು ಅಂತ ಲೆಕ್ಕ. ಫಾರ್ಮಸಿಗೆ ಫೋನ್ ಮಾಡಿ ಮತ್ತೆ ತರಿಸಿಕೊಳ್ಳಬೇಕು ಅಂತ ಯಾರೂ ಹೇಳಿರುವುದಿಲ್ಲ. ಜೊತೆಗೆ ಲೇಬಲ್ ಇಂಗ್ಲಿಷಿನಲ್ಲಿ. ಡಬ್ಬಿಯ ಮೇಲೆ ಒಂದು ಸೂರ್ಯ, ಒಂದು ಚಂದ್ರ ಬರೆದುಕೊಟ್ಟರೂ ಎಷ್ಟೋ ಸಹಾಯ.

ಇನ್ನು ಭಾಷೆ. ಇದಕ್ಕೆ ತರಬೇತಿಯಲ್ಲಿ ಅರ್ಧ ದಿನ ಕೊಟ್ಟರೂ ಜಾಸ್ತಿ ಅಲ್ಲ. ಫಾರ್ಮ್‌ನಲ್ಲಿ ‘ಬರ್ಮೀಸ್’ ಅಂತ ಒಂದು ಟಿಕ್ ಹಾಕಿ ದುಭಾಷಿಯನ್ನು ಕರೆಸುತ್ತಾರೆ. ಕಾರ್ಕಳದ ತುಳು ಅಜ್ಜಿಯನ್ನು ‘ಇಂಡಿಯಾದವರು’ ಅಂತ ಹಿಂದಿ ದುಭಾಷಿಯ ಮುಂದೆ ಕೂರಿಸಿದ ಹಾಗೆ ಇದು. ಬರ್ಮಾದಲ್ಲಿ ಕರೆನ್, ಕರೆನ್ನಿ, ಚಿನ್, ಕಚಿನ್, ಶಾನ್, ಮೊನ್, ರೋಹಿಂಗ್ಯಾ ಹೀಗೆ ಎಷ್ಟೋ ಜನಾಂಗಗಳಿವೆ. ಚಿನ್ನರಲ್ಲೇ ಹಾಖಾ, ಫಲಾಮ್, ಟೆಡಿಮ್ ಅಂತ ಬೇರೆ ಬೇರೆ ನುಡಿಗಳು. ಇಂಡಿಯಾನಾಪೊಲಿಸ್‌ನಲ್ಲಿ ಚಿನ್ನರು ಹೆಚ್ಚು. ಮಿನ್ನೆಸೋಟಾದ ಸೇಂಟ್ ಪಾಲ್‌ನಲ್ಲಿ ಕರೆನ್ನರು ಹೆಚ್ಚು.

ಬರ್ಮೀಸ್ ಗೊತ್ತಿದ್ದವರಿಗೂ ಆ ಭಾಷೆ ಹಿತವಾಗಿರಬೇಕು ಅಂತೇನಿಲ್ಲ. ಕರೆನ್ ಹಳ್ಳಿಗಳನ್ನು ಸುಟ್ಟ ಸೈನಿಕರು ಆಡುತ್ತಿದ್ದುದು ಅದೇ ಭಾಷೆ. 1984ರಿಂದ ಕರೆನ್ನರು ಗಡಿ ದಾಟಿ ಥಾಯ್ಲೆಂಡಿನ ಶಿಬಿರಗಳಿಗೆ ಬಂದರು. ಅಂಥ ಒಂಬತ್ತು ಶಿಬಿರಗಳಲ್ಲಿ ಮೇ ಲಾ ದೊಡ್ಡದು. ಅಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಆಮೇಲೆ ಅಮೆರಿಕಕ್ಕೆ ಬಂದವರಿದ್ದಾರೆ. ಚಿನ್ನರ ದಾರಿ ಬೇರೆ: ಮಲೇಷ್ಯಾ, ಇಲ್ಲವೇ ನಮ್ಮ ಮಿಜೋರಾಂ, ದಿಲ್ಲಿಯ ವಿಕಾಸಪುರಿ. ದಿಲ್ಲಿಯಲ್ಲಿ ವರ್ಷಗಟ್ಟಲೆ ಇದ್ದವರಿಗೆ ಸ್ವಲ್ಪ ಹಿಂದಿ ಬರಬಹುದು. ನೀವು ಎರಡು ಮಾತು ಹಿಂದಿಯಲ್ಲಿ ಆಡಿದರೆ ಮುಖ ಅರಳೀತು. ಆದರೆ ಅದು ಕುಶಲ ವಿಚಾರಿಸುವುದಕ್ಕೆ ಮಾತ್ರ, ಆಪರೇಷನ್‌ಗೆ ಒಪ್ಪಿಗೆ ಕೇಳುವುದಕ್ಕಲ್ಲ. ರೋಹಿಂಗ್ಯಾ ಜನರಿಗೆ 1982ರ ಕಾಯ್ದೆ ಪೌರತ್ವವನ್ನೇ ಇಲ್ಲದ ಹಾಗೆ ಮಾಡಿತು. ಅವರ ಭಾಷೆಗೆ ಎಲ್ಲರೂ ಬಳಸುವ ಲಿಪಿ ಇಲ್ಲ, ಹಾಗಾಗಿ ಅಚ್ಚು ಹಾಕಿಸಿದ ಕರಪತ್ರ ಕೊಟ್ಟು ಪ್ರಯೋಜನ ಕಡಿಮೆ.

ಒಟ್ಟಿನಲ್ಲಿ ರಿಸೆಪ್ಷನ್‌ನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಮನೇಲಿ ಯಾವ ಭಾಷೆ ಆಡ್ತೀರಿ?’ ಅನ್ನುವುದು. ಎರಡನೆಯದು ‘ದುಭಾಷಿ ಹೆಂಗಸಾಗಿದ್ದರೆ ಒಳ್ಳೆಯದಾ, ಗಂಡಸಾದರೂ ಪರವಾಗಿಲ್ವಾ?’ ಹತ್ತು ವರ್ಷದ ಮಗಳ ಬಾಯಿಂದ ಅಮ್ಮನ ಮುಟ್ಟಿನ ತೊಂದರೆ ಕೇಳಿಸಬೇಡಿ. ತುರ್ತು ಸಂದರ್ಭ ಬಿಟ್ಟರೆ, ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳಲ್ಲಿ ಮಕ್ಕಳನ್ನು ದುಭಾಷಿ ಮಾಡುವ ಹಾಗಿಲ್ಲ ಅಂತ ಅಮೆರಿಕದ ನಿಯಮವೇ ಇದೆ.

ಪಾಠ ಹೇಳೋಕೆ ಆ ಸಮುದಾಯದವರನ್ನೇ ಕರೆಯಿರಿ, ಅವರ ಸಮಯಕ್ಕೆ ದುಡ್ಡು ಕೊಡಿ. ಡಾ. ಸಿಂಥಿಯಾ ಮಾಂಗ್ ಎಂಬ ಕರೆನ್ ವೈದ್ಯೆ, ತಾವೇ ಗಡಿ ದಾಟಿ ಬಂದವರು, 1989ರಲ್ಲಿ ಥಾಯ್ಲೆಂಡಿನ ಮೇ ಸೋಟ್‌ನಲ್ಲಿ ಮೇ ತಾವ್ ಕ್ಲಿನಿಕ್ ಶುರು ಮಾಡಿದರು. ಅಲ್ಲಿ ನಿರಾಶ್ರಿತರನ್ನೇ ಆರೋಗ್ಯ ಕಾರ್ಯಕರ್ತರನ್ನಾಗಿ ತಯಾರು ಮಾಡಿದರು. ನಿಮ್ಮ ಊರಿನ ಪ್ಯಾಕಿಂಗ್ ಫ್ಯಾಕ್ಟರಿಯಲ್ಲಿ ದುಡಿಯುವ ಯಾರಾದರೂ ಒಂದು ಕಾಲದಲ್ಲಿ ಶಿಬಿರದಲ್ಲಿ ಹೆರಿಗೆ ಮಾಡಿಸಿದವರಾಗಿರಬಹುದು. ಅಂಥವರನ್ನು ಹುಡುಕಿ.

ಬಾಣಂತನದ ವಿಷಯ ನಿಮಗೆ ಬೇಗ ಹಿಡಿಸುತ್ತದೆ. ಹೆರಿಗೆಯಾದ ಮೇಲೆ ಮೈ ಬೆಚ್ಚಗಿರಬೇಕು, ತಣ್ಣೀರು ಕೂಡದು, ಕೆಲವು ತಿಂಡಿ ನಂಜು. ಬರ್ಮಾದ ಎಷ್ಟೋ ಮನೆಗಳಲ್ಲೂ ಹೀಗೇ. ಅಮೆರಿಕದ ಆಸ್ಪತ್ರೆಯಲ್ಲಿ ಬಾಣಂತಿಯ ಮುಂದೆ ಐಸ್ ಹಾಕಿದ ನೀರಿನ ಲೋಟ ಇಡುತ್ತಾರೆ. ಆಕೆ ಅದನ್ನು ಮುಟ್ಟುವುದಿಲ್ಲ. ‘ನೀರು ಕುಡಿಯುತ್ತಿಲ್ಲ’ ಅಂತ ಚಾರ್ಟ್‌ನಲ್ಲಿ ಬರೆಯುತ್ತಾರೆ. ಬಿಸಿನೀರು ಕೊಟ್ಟಿದ್ದರೆ ಮುಗಿದಿತ್ತು.

ಹಾಗಂತ ಪಥ್ಯವೆಲ್ಲ ನಿರಪಾಯ ಅಂತ ಸುಮ್ನೆ ಬಿಡುವ ಹಾಗೂ ಇಲ್ಲ. ಥಾಯ್ ಗಡಿಯ ಕರೆನ್ ಶಿಬಿರಗಳಲ್ಲಿ ಎರಡು ಮೂರು ತಿಂಗಳ ಹಸುಳೆಗಳು ಸಾಯುತ್ತಿದ್ದವು. ಕಾರಣ ಬೆರಿಬೆರಿ, ಅಂದರೆ ತಾಯಿಯ ಮೈಯಲ್ಲಿ ಬಿ1 ವಿಟಮಿನ್ ಕೊರತೆ. ಪಾಲಿಶ್ ಅಕ್ಕಿ, ಬಿ1 ಅನ್ನು ಕೆಡಿಸುವ ಹುದುಗಿಸಿದ ಮೀನು, ಅದರ ಮೇಲೆ ಬಾಣಂತಿಯ ಪಥ್ಯ. ಎದೆಹಾಲಿನಲ್ಲಿ ಬಿ1 ಇಲ್ಲದೆ ಮಗುವಿನ ಹೃದಯ ಸೋಲುತ್ತಿತ್ತು. ಕಾಯಿಲೆ ಏನು ಅಂತ ಗುರುತಿಸಿ, ಬಸುರಿ ಬಾಣಂತಿಯರಿಗೆ ಬಿ1 ಮಾತ್ರೆ ಕೊಟ್ಟ ಮೇಲೆ ಸಾವು ಕಡಿಮೆಯಾಯಿತು. ನನಗೆ ಇದರಲ್ಲಿ ಹಿಡಿಸುವುದು ಒಂದೇ: ಪಥ್ಯ ಬಿಡಿ ಅಂತ ತಾಯಂದಿರ ಜೊತೆ ಜಗಳಕ್ಕೆ ಕೂರುವ ಬದಲು ಮಾತ್ರೆ ಸೇರಿಸಿದರು.

ಎಲೆ ಅಡಿಕೆಯ ವಿಷಯದಲ್ಲೂ ಜಗಳ ಬೇಡ, ಪ್ರಶ್ನೆ ಸರಿಯಾಗಿರಬೇಕು ಅಷ್ಟೇ. ‘ಸಿಗರೇಟ್ ಸೇದ್ತೀರಾ?’ ಅಂದರೆ ‘ಇಲ್ಲ’ ಅನ್ನುತ್ತಾರೆ, ಅದು ನಿಜವೇ. ‘ಎಲೆ ಅಡಿಕೆ ಹಾಕ್ತೀರಾ, ಹೊಗೆಸೊಪ್ಪು ಸೇರಿಸ್ತೀರಾ?’ ಅಂತ ಕೇಳಬೇಕು. ಬರ್ಮಾದವರು ಅದನ್ನು ‘ಕುನ್ ಯಾ’ ಅನ್ನುತ್ತಾರೆ. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯಿಂದ ಬಾಯಿ ಕ್ಯಾನ್ಸರ್ ಬರಬಹುದು. ಅಡಿಕೆ ಬೆಳೆಯುವ ಊರಿನಿಂದ ಹೋದ ನಿಮಗೆ ಇದನ್ನು ಕೇಳುವಾಗ ಮುಖ ಸಿಂಡರಿಸುವ ಪ್ರಶ್ನೆಯೇ ಬರುವುದಿಲ್ಲ. ಅದು ರೋಗಿಗೆ ಗೊತ್ತಾಗುತ್ತದೆ.

ಹೆಸರು: ಬರ್ಮೀಸರಲ್ಲಿ ಸಾಮಾನ್ಯವಾಗಿ ಮನೆತನದ ಹೆಸರು ಇರುವುದಿಲ್ಲ. ವಿಶ್ವಸಂಸ್ಥೆಯ ಮುಖ್ಯಸ್ಥರಾಗಿದ್ದ ಊ ಥಾಂಟ್ ಅವರ ಹೆಸರು ಬರೀ ಥಾಂಟ್. ‘ಊ’ ಅಂದರೆ ನಮ್ಮ ‘ಶ್ರೀ’ ಇದ್ದ ಹಾಗೆ. ಹುಟ್ಟಿದ ದಿನ ಜನವರಿ 1 ಅಂತಿದ್ದರೆ ಅದು ಕಾಗದಕ್ಕಾಗಿ ಹಾಕಿದ್ದಿರಬಹುದು. ಮಕ್ಕಳ ತಲೆ ಮುಟ್ಟುವ ಮುಂಚೆ ಕೇಳಿ. ರಕ್ತ ತೆಗೆಯುವಾಗ ಎಷ್ಟು, ಯಾಕೆ ಅಂತ ಹೇಳಿ, ಕಳೆದ ರಕ್ತ ಮತ್ತೆ ಆಗುವುದಿಲ್ಲ ಅನ್ನುವ ಭಯ ಕೆಲವರಿಗಿದೆ.

ಒಂದು ಎಚ್ಚರಿಕೆ ನಿಮಗೇ. ‘ಇದೆಲ್ಲ ನಮ್ಮ ಹಾಗೇ’ ಅನ್ನಿಸಿದ ಕೂಡಲೇ ಕೇಳುವುದನ್ನು ನಿಲ್ಲಿಸಿಬಿಡುತ್ತೇವೆ. ಚಿನ್ನರಲ್ಲಿ ಬಹುಪಾಲು ಕ್ರೈಸ್ತರು, ಬರ್ಮೀಸರಲ್ಲಿ ಹೆಚ್ಚಿನವರು ಬೌದ್ಧರು, ಅಮೆರಿಕದಲ್ಲೇ ಬೆಳೆದ ಮಗಳು ಅಮ್ಮನ ಪಥ್ಯ ಒಪ್ಪದೇ ಇರಬಹುದು. ನಾನು ಮೇಲೆ ಬರೆದದ್ದನ್ನೇ ಪಟ್ಟಿ ಮಾಡಿ ಸಿಬ್ಬಂದಿಗೆ ಹಂಚಬೇಡಿ. ಅದನ್ನು ಇಟ್ಟುಕೊಂಡು ಪ್ರಶ್ನೆ ಕೇಳೋಕೆ ಕಲಿಸಿ.

ಕೊನೆಗೆ ನಿಮ್ಮ ರಾಜ್ಯದ್ದೇ ಒಂದು ಪ್ರಸಂಗ, ತರಬೇತಿಯಲ್ಲಿ ಖಂಡಿತ ಹೇಳಿ. 2009ರಲ್ಲಿ ಫೋರ್ಟ್ ವೇನ್‌ನಲ್ಲಿ ಬರ್ಮಾ ನಿರಾಶ್ರಿತರ ಕೆಲವು ಮಕ್ಕಳ ರಕ್ತದಲ್ಲಿ ಸೀಸ ಜಾಸ್ತಿ ಕಂಡಿತು. ಸಾಮಾನ್ಯವಾಗಿ ಮೊದಲು ಅನುಮಾನ ಬರುವುದು ಹಳೇ ಮನೆಯ ಪೇಂಟ್ ಮೇಲೆ. ಆದರೆ ತನಿಖೆ ಬೊಟ್ಟು ಮಾಡಿದ್ದು ಮಕ್ಕಳ ಅಜೀರ್ಣಕ್ಕೆ ಮನೆಯಲ್ಲಿ ಕೊಡುತ್ತಿದ್ದ ‘ಡಾವ್ ಟ್ವೇ’ ಎಂಬ ಔಷಧಿಯತ್ತ. ಅದರಲ್ಲಿ ಸೀಸ ಇತ್ತು, ಆರ್ಸೆನಿಕ್ ಕೂಡ ಇತ್ತು. ‘ನಾಟಿ ಔಷಧಿ ಏನಾದರೂ ಕೊಟ್ಟಿದ್ದೀರಾ?’ ಅಂತ ಗದರಿಸುವ ದನಿಯಲ್ಲಿ ಕೇಳಿದರೆ ಯಾವ ತಾಯಿ ಹೌದು ಅಂತಾಳೆ? ನೀವು ಹೀಗೆ ಕೇಳಿ ನೋಡಿ: ‘ನಮ್ಮೂರಲ್ಲಿ ಮಗುವಿಗೆ ಹೊಟ್ಟೆ ಉಬ್ಬರಿಸಿದರೆ ಅಜ್ಜಿಯರು ಬಜೆ ತೇದು ನೆಕ್ಕಿಸ್ತಾರೆ. ನಿಮ್ಮಲ್ಲಿ ಏನು ಕೊಡ್ತೀರಿ?’ ಉತ್ತರ ಬಂದರೆ, ಮುಂದಿನ ಸಲ ಆ ಡಬ್ಬಿಯನ್ನೂ ಜೊತೆಗೆ ತರೋಕೆ ಹೇಳಿ.